ಒಂದೇ ಸೀಮೆ, ಎರಡು ಮನೆ: ವೈಲ್ಡರ್ ಮತ್ತು ಎರ್ಡ್ರಿಕ್ ಅವರನ್ನು ಮಕ್ಕಳಿಗೆ ಓದಿ ಹೇಳಿದಾಗ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹೊಸ ನೆಲ ಅರಸಿ ಹೊರಟ ಕುಟುಂಬಗಳ ಬದುಕನ್ನು ಮಕ್ಕಳಿಗೆ ಕಥೆಯಾಗಿ ಹೇಳಬೇಕೆಂದಾಗ ಹೆಚ್ಚಿನವರು ಮೊದಲು ಎತ್ತಿಕೊಳ್ಳುವುದು ಲಾರಾ ಇಂಗಲ್ಸ್ ವೈಲ್ಡರ್ ತಮ್ಮ ಬಾಲ್ಯವನ್ನೇ ಆಧರಿಸಿ ಬರೆದ 'ಲಿಟಲ್ ಹೌಸ್' ಮಾಲೆಯನ್ನು. ಇದರ ಮೊದಲ ಪುಸ್ತಕ 1932ರಲ್ಲಿ ಬಂತು. ಅದರ ಎದುರಿಗಿಟ್ಟು ತೂಗಬಹುದಾದ ಕೃತಿಯೆಂದರೆ 1999ರಲ್ಲಿ ಪ್ರಕಟವಾದ ಲೂಯಿಸ್ ಎರ್ಡ್ರಿಕ್ ಅವರ 'ದ ಬರ್ಚ್‌ಬಾರ್ಕ್ ಹೌಸ್'. ಅದರ ಕಥೆ ಒಜಿಬ್ವೆ ಎಂಬ ಮೂಲನಿವಾಸಿ ಸಮುದಾಯದ ಕುಟುಂಬವೊಂದರದು. ಮಿನೆಸೋಟಾದಲ್ಲಿರುವ ನಮ್ಮ ಮನೆಯಲ್ಲಿ ಎರಡನ್ನೂ ರಾತ್ರಿ ಮಲಗುವ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ, ತೊಡಕೆನಿಸಿದಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದ್ದೇನೆ. ಮಗಳು ವೈಲ್ಡರ್ ಅವರನ್ನು ಮೊದಲು ಕೇಳಿದಳು. ಕೆಲವು ವರ್ಷಗಳ ನಂತರ ಮಗನಿಗೆ ಬೇಕೆಂದೇ ಎರ್ಡ್ರಿಕ್ ಅವರನ್ನು ಮೊದಲು ಓದಿದೆ. ಓದಿನ ಕ್ರಮ ಬದಲಾದದ್ದರಿಂದ ಆದ ವ್ಯತ್ಯಾಸ ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು.

ಎರಡೂ ಕಥೆಗಳು ನಡೆಯುವುದು ಇಂದಿನ ವಿಸ್ಕಾನ್ಸಿನ್ ರಾಜ್ಯದಲ್ಲಿಯೇ. 'ಲಿಟಲ್ ಹೌಸ್ ಇನ್ ದ ಬಿಗ್ ವುಡ್ಸ್' ಪುಸ್ತಕದ ಮರದ ಮನೆ ರಾಜ್ಯದ ಪಶ್ಚಿಮ ಅಂಚಿನ ಪೆಪಿನ್ ಊರಿನ ಬಳಿಯ ಕಾಡಿನಲ್ಲಿದೆ, ಕಾಲ 1870ರ ದಶಕದ ಆರಂಭ. ಎರ್ಡ್ರಿಕ್ ಅವರ ಒಮಕಾಯಸ್ ಎಂಬ ಏಳು ವರ್ಷದ ಹುಡುಗಿ 1847ರಲ್ಲಿ, ಉತ್ತರದ ಸುಪೀರಿಯರ್ ಸರೋವರದ ದ್ವೀಪವೊಂದರಲ್ಲಿ ಇದ್ದಾಳೆ. ಈಗ ಅದನ್ನು ಮ್ಯಾಡಲಿನ್ ದ್ವೀಪ ಎನ್ನುತ್ತಾರೆ. ಚಳಿ, ಕಾಡು, ಪ್ರಾಣಿಗಳೆಲ್ಲ ಬಹುಮಟ್ಟಿಗೆ ಒಂದೇ. ಮೇಪಲ್ ಮರದ ರಸ ಕಾಯಿಸಿ ಸಕ್ಕರೆ ಮಾಡುವ ಪ್ರಸಂಗವೂ ಎರಡರಲ್ಲಿದೆ. ವೈಲ್ಡರ್ ಅವರಲ್ಲಿ ಅದು ಅಜ್ಜನ ಮನೆಯ ಹಬ್ಬ: ಕಬ್ಬಿಣದ ದೊಡ್ಡ ಕಡಾಯಿ, ರಾತ್ರಿಯ ಕುಣಿತ, ಬಿಸಿ ಪಾಕವನ್ನು ತಟ್ಟೆಯಲ್ಲಿನ ಹಿಮದ ಮೇಲೆ ಸುರಿದುಕೊಂಡು ಗಟ್ಟಿಯಾದೊಡನೆ ಬಾಯಿಗಿಡುವ ಮಕ್ಕಳು. ಮಲೆನಾಡಿನ ಆಲೆಮನೆಯಲ್ಲಿ ಕೊಪ್ಪರಿಗೆಯ ಸುತ್ತ ಕಾದು ಕುಳಿತವರಿಗೆ ಈ ಸಂಭ್ರಮವನ್ನು ವಿವರಿಸಬೇಕಾಗಿಲ್ಲ. ಎರ್ಡ್ರಿಕ್ ಅವರಲ್ಲಿ ಅದೇ ಕೆಲಸ ವರ್ಷದ ಸುತ್ತಿನ ಒಂದು ಘಟ್ಟ: ವಸಂತದಲ್ಲಿ ಸಕ್ಕರೆಯ ಬಿಡಾರ, ಬೇಸಿಗೆಯಲ್ಲಿ ಬರ್ಚ್ ತೊಗಟೆಯ ಮನೆ, ಶರತ್ಕಾಲದಲ್ಲಿ ಕಾಡುಭತ್ತದ ಕೊಯ್ಲು, ಚಳಿಗಾಲಕ್ಕೆ ಮರದ ದಿಮ್ಮಿಗಳ ಮನೆ. ಇಲ್ಲಿ ಕುಟುಂಬ ಋತುವಿನೊಡನೆ ಜಾಗ ಬದಲಿಸುತ್ತಲೇ ಇರುತ್ತದೆ, ಆದರೆ ಎಲ್ಲಿಗೂ 'ಹೊಸದಾಗಿ' ಹೋಗುವುದಿಲ್ಲ.

ಗಟ್ಟಿಯಾಗಿ ಓದುವುದಕ್ಕೆ ವೈಲ್ಡರ್ ಸುಲಭ. ವಾಕ್ಯಗಳು ಚಿಕ್ಕವು, ಒಂದೊಂದು ಅಧ್ಯಾಯವೂ ಒಂದೇ ರಾತ್ರಿಗೆ ಮುಗಿಯುವಂಥದ್ದು. ಎರ್ಡ್ರಿಕ್ ಅವರ ಪುಟಗಳಲ್ಲಿ ಒಜಿಬ್ವೆ ಪದಗಳು ಮೇಲಿಂದ ಮೇಲೆ ಬರುತ್ತವೆ. ಕೊನೆಯಲ್ಲಿ ಪದಕೋಶವಿದ್ದರೂ ಓದುವವರು ಮೊದಲೇ ಒಮ್ಮೆ ಕಣ್ಣಾಡಿಸಿಕೊಂಡಿರಬೇಕು. ಮೊದಲ ಕೆಲವು ರಾತ್ರಿ ಮಗ ಅರ್ಧಕ್ಕೇ ನಿದ್ದೆಹೋದದ್ದೂ ಉಂಟು.

ಅವನ ನಿದ್ದೆ ಹಾರಿಸಿದ್ದು ಕರಡಿ. ಓಲ್ಡ್ ಟ್ಯಾಲೋ ಎಂಬ ಒರಟು ಮುದುಕಿಯ ಮನೆಯಿಂದ ಕತ್ತರಿ ತರುತ್ತಿರುವ ಒಮಕಾಯಸ್ ದಾರಿಯಲ್ಲಿ ಎರಡು ಕರಡಿ ಮರಿಗಳೊಡನೆ ಆಟಕ್ಕೆ ನಿಲ್ಲುತ್ತಾಳೆ, ಅಷ್ಟರಲ್ಲಿ ತಾಯಿ ಕರಡಿ ಮೈಮೇಲೆ ಬಂದು ನಿಲ್ಲುತ್ತದೆ. ಹುಡುಗಿ ಅದನ್ನು ಅಜ್ಜಿ ಎಂದು ಕರೆದು, ನಿನ್ನ ಮಕ್ಕಳೊಡನೆ ಆಡುತ್ತಿದ್ದೆನಷ್ಟೇ ಎಂದು ವಿನಯದಿಂದ ತಿಳಿಸುತ್ತಾಳೆ. ವೈಲ್ಡರ್ ಅವರ ಕರಡಿ ಬೇರೆಯ ಬಗೆಯದು: ಕತ್ತಲಲ್ಲಿ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತದ್ದು ತಮ್ಮ ಹಸುವೆಂದು ತಿಳಿದು ಅಮ್ಮ ಅದಕ್ಕೊಂದು ಏಟು ಕೊಡುತ್ತಾಳೆ, ಮರುಕ್ಷಣ ಲಾರಾಳನ್ನು ಎತ್ತಿಕೊಂಡು ಮನೆಗೆ ಓಡುತ್ತಾಳೆ. ನಗಿಸುವುದರಲ್ಲಿ ಈ ಪ್ರಸಂಗವನ್ನು ಮೀರಿಸುವುದು ಕಷ್ಟ. ಮಗಳು ಅದನ್ನು ಮತ್ತೆ ಮತ್ತೆ ಓದಿಸಿದಳು. ಆದರೆ ಕಾಡಿನೊಡನೆ ಎರಡು ಮನೆತನಗಳ ನಂಟು ಎಷ್ಟು ಭಿನ್ನವೆಂಬುದು ಇವೆರಡು ಕರಡಿಗಳಲ್ಲಿಯೇ ಕಾಣುತ್ತದೆ.

ಸಾವಿನ ವಿಷಯದಲ್ಲಿ ಎರ್ಡ್ರಿಕ್ ಹೆಚ್ಚು ನೇರ. ಸಿಡುಬು ದ್ವೀಪಕ್ಕೆ ಬರುತ್ತದೆ, ಒಮಕಾಯಸ್ ಎತ್ತಿ ಆಡಿಸಿದ ಪುಟ್ಟ ತಮ್ಮ ನೀವೋ ತೀರಿಕೊಳ್ಳುತ್ತಾನೆ, ಅನಂತರದ ದುಃಖಕ್ಕೂ ಲೇಖಕಿ ಪುಟಗಳನ್ನು ಕೊಡುತ್ತಾರೆ. ವೈಲ್ಡರ್ ಅವರ ನಿಜಜೀವನದಲ್ಲಿಯೂ 1875ರಲ್ಲಿ ಹುಟ್ಟಿದ ತಮ್ಮನೊಬ್ಬ ಮರುವರ್ಷವೇ ತೀರಿಕೊಂಡಿದ್ದ. ಮಾಲೆಯಲ್ಲಿ ಅವನ ಸುಳಿವೇ ಇಲ್ಲ. ಕಾದಂಬರಿಕಾರರಿಗೆ ಆ ಸ್ವಾತಂತ್ರ್ಯ ಇದ್ದೇ ಇದೆ, ಆದರೂ ಆ ಕಾಲದ ಬಾಲ್ಯ ಹೇಗಿತ್ತೆಂದು ಮಕ್ಕಳಿಗೆ ತಿಳಿಸುವುದು ಉದ್ದೇಶವಾದರೆ ನಾನು ಎರ್ಡ್ರಿಕ್ ಅವರ ಪರ. ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಆ ಚಳಿಗಾಲದ ಅಧ್ಯಾಯಗಳು ಭಾರವಾಗುತ್ತವೆ.

ನಿಜವಾದ ಪೈಪೋಟಿ ಇರುವುದು ನೆಲದ ಪ್ರಶ್ನೆಯಲ್ಲಿ. 1935ರ 'ಲಿಟಲ್ ಹೌಸ್ ಆನ್ ದ ಪ್ರೇರಿ'ಯಲ್ಲಿ ಇಂಗಲ್ಸ್ ಕುಟುಂಬ ಕಾನ್ಸಸ್‌ನಲ್ಲಿ ಮನೆ ಕಟ್ಟುವ ಜಾಗ ಓಸೇಜ್ ಎಂಬ ಮೂಲನಿವಾಸಿ ಜನರ ಮೀಸಲು ಭೂಮಿ. ವಲಸಿಗರು ಅಲ್ಲಿ ನೆಲೆಸುವುದಕ್ಕೆ ಕಾನೂನಿನ ಒಪ್ಪಿಗೆ ಇರಲಿಲ್ಲ. ಮೊದಲ ಮುದ್ರಣದಲ್ಲಿ ಆ ಬಯಲಿನಲ್ಲಿ ಜನರೇ ಇಲ್ಲ, ಇಂಡಿಯನ್ನರು (ಅಂದರೆ ಮೂಲನಿವಾಸಿಗಳು) ಮಾತ್ರ ಇದ್ದಾರೆ ಎಂಬರ್ಥದ ಸಾಲಿತ್ತು. ಓದುಗರೊಬ್ಬರ ಆಕ್ಷೇಪದ ನಂತರ 1953ರ ಆವೃತ್ತಿಯಲ್ಲಿ 'ಜನ' ಎಂಬುದು 'ವಲಸಿಗರು' ಎಂದಾಯಿತು. ಇಂಥ ಕಾರಣಗಳಿಂದಲೇ ಅಮೆರಿಕದ ಮಕ್ಕಳ ಗ್ರಂಥಾಲಯ ಸೇವೆಗಳ ಸಂಘ ವೈಲ್ಡರ್ ಹೆಸರಿನಲ್ಲಿದ್ದ ತನ್ನ ಪ್ರಶಸ್ತಿಯ ಹೆಸರನ್ನು 2018ರಲ್ಲಿ ಬದಲಿಸಿತು. ಮಗಳಿಗೆ ಈ ಪುಸ್ತಕ ಓದುವಾಗ ನಾನು ಪದೇ ಪದೇ ನಿಲ್ಲಿಸಿ ವಿವರಿಸಬೇಕಾಯಿತು, ಅವಳಿಗದು ಉಪದೇಶದಂತೆ ಕೇಳಿಸಿತು. ಒಮಕಾಯಸ್‌ಳ ಮನೆಯೊಳಗೆ ಒಂದು ವರ್ಷ ಇದ್ದು ಬಂದ ಮಗನಿಗೆ ಆ ವಿವರಣೆ ಬೇಕಾಗಲಿಲ್ಲ. ಓಸೇಜ್ ಜನ ಕುದುರೆಗಳ ಮೇಲೆ ಸಾಲಾಗಿ ಊರು ಬಿಟ್ಟು ಹೋಗುವ ಅಧ್ಯಾಯದಲ್ಲಿ, ಲಾರಾ ಅವರಲ್ಲೊಂದು ಕೂಸನ್ನು ತನಗೆ ಬೇಕೆಂದು ಹಟ ಹಿಡಿದಾಗ, "ಅದರ ಅಕ್ಕ ಏನು ಮಾಡಬೇಕು?" ಎಂದು ಅವನೇ ಕೇಳಿದ.

ಹಾಗೆಂದು ವೈಲ್ಡರ್ ಅವರನ್ನು ಕಪಾಟಿನಿಂದ ಇಳಿಸುವ ಮನಸ್ಸು ನನಗಿಲ್ಲ, 'ದ ಲಾಂಗ್ ವಿಂಟರ್' ಇರುವ ತನಕವಂತೂ ಇಲ್ಲ. 1880–81ರ ಚಳಿಗಾಲದಲ್ಲಿ ಡಕೋಟಾ ಸೀಮೆಯ ಡಿ ಸ್ಮೆಟ್ ಊರಿಗೆ ಹಿಮದಿಂದ ರೈಲು ನಿಂತುಹೋಗುತ್ತದೆ. ಕಲ್ಲಿದ್ದಲು ಮುಗಿದಾಗ ಅಪ್ಪ ಮತ್ತು ಲಾರಾ ಒಣಹುಲ್ಲನ್ನು ಹೊಸೆದು ಗಂಟು ಹಾಕಿ ಒಲೆಗೆ ಕಟ್ಟಿಗೆಯಾಗಿ ಬಳಸುತ್ತಾರೆ. ಹಿಟ್ಟಿಲ್ಲದ್ದರಿಂದ ಕಾಫಿ ಬೀಜ ಪುಡಿಮಾಡುವ ಪುಟ್ಟ ಗಿರಣಿಯಲ್ಲಿ ಸರದಿಯಂತೆ ಗೋಧಿ ಬೀಸುತ್ತಾರೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಹಿಡಿಯಬೇಕು, ಇಲ್ಲವಾದರೆ ರಾತ್ರಿಗೆ ರೊಟ್ಟಿಯಿಲ್ಲ. ಕೊನೆಗೊಂದು ಸಂಜೆ ಪಿಟೀಲು ನುಡಿಸಲು ಹೋದ ಅಪ್ಪನ ಬೆರಳುಗಳು ಚಳಿಗೆ ಸೆಟೆದು ಮಣಿಯುವುದಿಲ್ಲ. ಹಸಿವನ್ನು ಇಷ್ಟು ಶಾಂತವಾಗಿ, ಇಷ್ಟು ನಿಖರವಾಗಿ ಬರೆದ ಮಕ್ಕಳ ಪುಸ್ತಕ ಬೇರೊಂದನ್ನು ನಾನು ಓದಿಲ್ಲ.

ಇದೇ ಬಗೆಯ ಇನ್ನೆರಡು ಮಕ್ಕಳ ಪುಸ್ತಕಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡಬಹುದು. 1936ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಪಡೆದ 'ಕ್ಯಾಡಿ ವುಡ್‌ಲಾನ್' ಚುರುಕಾಗಿದೆ, ಆದರೆ ಮೂಲನಿವಾಸಿಗಳ ಚಿತ್ರಣ ಮುಜುಗರ ತರುವಷ್ಟು ಹಳೆಯದು. ಪೆಟ್ರಿಷಿಯಾ ಮ್ಯಾಕ್‌ಲಾಕ್ಲನ್ ಅವರ 'ಸಾರಾ, ಪ್ಲೇನ್ ಆ್ಯಂಡ್ ಟಾಲ್' ತೀರಾ ಚಿಕ್ಕದು, ಸೊಗಸಾದದ್ದು. ಬೇಸಾಯದ ದುಡಿಮೆಗಿಂತ ತಾಯಿಯಿಲ್ಲದ ಮಕ್ಕಳ ಮನಸ್ಸೇ ಅದರ ವಸ್ತು.

ಕೊಳ್ಳುವವರು ಒಂದನ್ನೇ ಆರಿಸಬೇಕಾದರೆ ಎಂಟು ವರ್ಷದ ಮಗುವಿಗೆ 'ದ ಬರ್ಚ್‌ಬಾರ್ಕ್ ಹೌಸ್' ಕೊಡಿ. ಎರಡಕ್ಕೂ ಅವಕಾಶವಿದ್ದರೆ ಅದನ್ನು ಮೊದಲು ಓದಿ, ನಂತರ 'ಬಿಗ್ ವುಡ್ಸ್', ಮಗು ಹತ್ತು ದಾಟಿದ ಮೇಲೆ 'ದ ಲಾಂಗ್ ವಿಂಟರ್'. ಕಾನ್ಸಸ್‌ನ ಪುಸ್ತಕವನ್ನು ಮಾತ್ರ ಮಗುವಿನ ಕೈಗೆ ಕೊಟ್ಟು ಸುಮ್ಮನಿರದೆ ಜೊತೆಗೆ ಕುಳಿತು ಓದುವುದು ಒಳ್ಳೆಯದು.