ಹೊರದೇಶದಲ್ಲಿ ಜಂಬೂಸವಾರಿ ನೋಡುವುದಾದರೆ: ಸಂಘದ ಸಭಾಂಗಣವೋ, ಸ್ನೇಹಿತರ ಮನೆಯೋ?

ವಿಜಯದಶಮಿಗೆ ಊರಿಗೆ ಬರಲಾಗದ ಮೈಸೂರಿನವರು ಬಹಳ ಮಂದಿ ಇದ್ದಾರೆ. ನಮ್ಮ ಸರಸ್ವತಿಪುರಂನಲ್ಲಂತೂ ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೆ ಲೆಕ್ಕವಿಲ್ಲ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದ ವರ್ಷಗಳಲ್ಲಿ ನಾನು ನಾಡಹಬ್ಬದ ಮೆರವಣಿಗೆಯನ್ನು ಅಲ್ಲಿನ ಕನ್ನಡಿಗರ ಜೊತೆ ಸಂಘದ ಸಭಾಂಗಣದಲ್ಲಿಯೂ ಸ್ನೇಹಿತರ ಮನೆಯಲ್ಲಿಯೂ ನೋಡಿದ್ದೇನೆ, ಊರಿನಿಂದ ತಮ್ಮ ಮಾಡುತ್ತಿದ್ದ ವಿಡಿಯೊ ಕರೆಯಲ್ಲಿಯೂ ನೋಡಿದ್ದೇನೆ. ಈಗ ಊರಿಗೆ ಮರಳಿರುವುದರಿಂದ, ಈ ವರ್ಷ ಹೊರಗೆ ಹಬ್ಬ ಮಾಡುವವರಿಗೆ ಉಪಯೋಗವಾಗಲೆಂದು ಅವುಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ. ನನ್ನ ಒಲವು ಏಳೆಂಟು ಜನ ಸೇರುವ ಮನೆಯ ಕಡೆಗೆ.

ಸಭಾಂಗಣಕ್ಕಿರುವ ಮೊದಲ ತೊಡಕು ವಾರದ ದಿನ. ವಿಜಯದಶಮಿ 2019ರಲ್ಲಿ ಮಂಗಳವಾರ, 2022ರಲ್ಲಿ ಬುಧವಾರ, 2023ರಲ್ಲಿ ಮತ್ತೆ ಮಂಗಳವಾರ ಬಂದಿತ್ತು. ಅಂಥ ವರ್ಷಗಳಲ್ಲಿ ಸಂಘದವರು ಮುಂದಿನ ಶನಿವಾರ ಸಭಾಂಗಣ ಬಾಡಿಗೆಗೆ ಹಿಡಿದು, ಆಗಲೇ ಎಲ್ಲರೂ ತುಣುಕು ತುಣುಕಾಗಿ ಕಂಡಿರುವ ಮೆರವಣಿಗೆಯ ಮುದ್ರಿಕೆಯನ್ನು ತೋರಿಸುತ್ತಾರೆ. 2024ರಲ್ಲಿ ಹಬ್ಬವೇ ಶನಿವಾರ ಬಂದದ್ದರಿಂದ ದೊಡ್ಡ ಪರದೆಯ ಮೇಲೆ ನೇರಪ್ರಸಾರ ಸಾಧ್ಯವಾಯಿತು. ನೂರಾರು ಕನ್ನಡಿಗರು ರೇಷ್ಮೆ ಸೀರೆ, ಪೇಟಗಳಲ್ಲಿ ಸೇರಿದ್ದನ್ನು ಕಂಡು ಮನಸ್ಸು ತುಂಬಿತು. ಆದರೆ ಅದೇ ಹೊತ್ತಿಗೆ ಮಕ್ಕಳ ನೃತ್ಯ, ಸನ್ಮಾನ, ಊಟದ ಸಾಲು ಎಲ್ಲವೂ ನಡೆಯುತ್ತಿದ್ದವು. ಪುಷ್ಪಾರ್ಚನೆಯ ವೇಳೆ ಪೊಲೀಸ್ ಬ್ಯಾಂಡ್ ರಾಷ್ಟ್ರಗೀತೆ ನುಡಿಸಿದಾಗ ಅರ್ಧ ಜನರ ಕೈಯಲ್ಲಿ ತಟ್ಟೆಯಿತ್ತು, ಉಳಿದ ಅರ್ಧ ಜನರಿಗೆ ಗದ್ದಲದಲ್ಲಿ ಅದು ಕೇಳಿಸಲೇ ಇಲ್ಲ. ಇದು ನನಗೆ ನಿಜವಾಗಿಯೂ ನೋವುಂಟುಮಾಡಿತು.

ಮನೆಯಲ್ಲಿ ನೋಡುವುದರ ಬಲ ತಿಳಿಯಬೇಕಾದರೆ ಮೆರವಣಿಗೆಯ ನಡೆಯನ್ನು ನೆನೆಯಬೇಕು. ಮಧ್ಯಾಹ್ನ ಅರಮನೆಯ ಬಲರಾಮ ದ್ವಾರದಲ್ಲಿ ಮುಖ್ಯಮಂತ್ರಿಗಳು ನಂದಿಧ್ವಜಕ್ಕೆ ಪೂಜೆ ಸಲ್ಲಿಸಿದ ಮೇಲೆ, ಚಾಮುಂಡೇಶ್ವರಿಯನ್ನು ಹೊತ್ತ ಅಂಬಾರಿ ಪುಷ್ಪಾರ್ಚನೆಯ ವೇದಿಕೆಯ ಮುಂದೆ ಬರಲು ಸುಮಾರು ಎರಡು ಗಂಟೆಯಾದರೂ ಬೇಕು. ಆ ನಡುವೆ ಜಿಲ್ಲೆಗಳ ಸ್ತಬ್ಧಚಿತ್ರಗಳೂ ಜನಪದ ತಂಡಗಳೂ ಸಾಗುತ್ತವೆ. ಒಬ್ಬರೇ ನೋಡಿದರೆ ಬೇಸರ ತರುವ ಈ ಹೊತ್ತು, ಬಲ್ಲವರು ಪಕ್ಕದಲ್ಲಿದ್ದರೆ ಹಬ್ಬದ ತಿರುಳಾಗಿಬಿಡುತ್ತದೆ. ನಾವು ಸೇರುತ್ತಿದ್ದದ್ದು ಮದ್ದೂರಿನ ದಂಪತಿಯ ಮನೆಯಲ್ಲಿ. ಗೋಡೆಗೆ ಒರಗಿಸಿದ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳು, ಅದರ ಪಕ್ಕದಲ್ಲೇ ಟಿವಿ, ಕೆಳಗೆ ಜಮಖಾನದ ಮೇಲೆ ನಾವೆಲ್ಲ. ಪೂಜಾ ಕುಣಿತದ ತಂಡ ಪರದೆಗೆ ಬಂದೊಡನೆ ಆ ಮನೆಯ ಅಕ್ಕ, “ನೋಡ್ರಪ್ಪಾ, ಕೈ ಬಿಟ್ಟು ತಲೆ ಮೇಲೆ ಹೆಂಗೆ ನಿಲ್ಲಿಸ್ಕೊಂಡವ್ರೆ!” ಎಂದು ಮಕ್ಕಳನ್ನು ಹತ್ತಿರ ಕರೆಯುತ್ತಿದ್ದರು. ಕಂಸಾಳೆ ಯಾರದು, ವೀರಗಾಸೆ ಯಾರದು ಎಂಬುದನ್ನು ಅಲ್ಲೇ ಹುಟ್ಟಿದ ಆ ಮಕ್ಕಳು ಕಲಿತದ್ದು ಹೀಗೆಯೇ. ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಹೊತ್ತು ಅಭಿಮನ್ಯು ವೇದಿಕೆಯ ಮುಂದೆ ನಿಂತಾಗ ಮಾತೆಲ್ಲ ತಾನಾಗಿ ನಿಲ್ಲುತ್ತಿತ್ತು, ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು. ಇದಕ್ಕೆ ರಜೆ ಹಾಕಬೇಕು ಎಂಬುದೊಂದೇ ಕಷ್ಟ.

ಯಾವ ವಾಹಿನಿ ಎಂಬ ಪ್ರಶ್ನೆಗೆ ನನ್ನ ಉತ್ತರ ದೂರದರ್ಶನದ ಚಂದನ. ಅಲ್ಲಿ ಒಂದೊಂದು ತಂಡವೂ ಕಣ್ಣ ಮುಂದೆ ಪೂರ್ತಿ ಹಾದುಹೋಗುತ್ತದೆ. ಖಾಸಗಿ ಸುದ್ದಿವಾಹಿನಿಗಳ ಅಬ್ಬರದ ಮಾತಿನಲ್ಲಿ ನಾದಸ್ವರವೇ ಮುಳುಗಿಹೋಗುತ್ತದೆ.

ವಿಡಿಯೊ ಕರೆಯನ್ನು ಮಾತ್ರ ನೆಚ್ಚಿಕೊಳ್ಳಬಾರದು. ತಮ್ಮ ಸಯ್ಯಾಜಿರಾವ್ ರಸ್ತೆಯ ಜನಸಂದಣಿಯಿಂದ ಕರೆ ಮಾಡುತ್ತಿದ್ದ. ಮುಂದಿನವರ ತಲೆಗಳೇ ಹೆಚ್ಚು ಕಾಣುತ್ತಿದ್ದವು, ನೆಟ್‌ವರ್ಕ್ ಪದೇ ಪದೇ ಕಡಿದುಹೋಗುತ್ತಿತ್ತು. ಆದರೂ ಅದಕ್ಕೊಂದು ವಿಶೇಷವಿದೆ. ಅಂತರ್ಜಾಲದ ನೇರಪ್ರಸಾರ ಸ್ವಲ್ಪ ಹಿಂದೆ ಬೀಳುವುದರಿಂದ, ಟಿವಿಯಲ್ಲಿ ಗಣ್ಯರು ಇನ್ನೂ ಹೂವು ಕೈಗೆ ತೆಗೆದುಕೊಳ್ಳುತ್ತಿರುವಾಗಲೇ ಫೋನಿನಲ್ಲಿ 21 ಕುಶಾಲತೋಪುಗಳ ಮೊದಲ ಸದ್ದು ಕೇಳಿಬರುತ್ತಿತ್ತು. ಎದೆಗೆ ತಟ್ಟುತ್ತಿದ್ದದ್ದು ಆ ಸದ್ದು.

2020ನ್ನು ಈ ಹೋಲಿಕೆಯಿಂದ ಹೊರಗಿಡುತ್ತೇನೆ. ಕೋವಿಡ್ಡಿನಿಂದಾಗಿ ಆ ವರ್ಷ ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗದೆ ಅರಮನೆಯ ಆವರಣದಲ್ಲೇ ಮುಗಿಯಿತು. ಅಭಿಮನ್ಯು ಅಂಬಾರಿ ಹೊತ್ತ ಮೊದಲ ವರ್ಷವೂ ಅದೇ. ಅರಮನೆಯಿಂದ ಕೂಗಳತೆಯಲ್ಲಿರುವ ಅಮ್ಮನೂ ಸಾವಿರಾರು ಮೈಲಿ ದೂರದ ನಾನೂ ಒಂದೇ ಪ್ರಸಾರವನ್ನು ನೋಡುತ್ತ, ಮೊದಲಿನಿಂದ ಕೊನೆಯವರೆಗೆ ಫೋನಿನಲ್ಲಿ ಮಾತನಾಡಿಕೊಂಡೇ ಇದ್ದೆವು.

ಸಭಾಂಗಣಕ್ಕೆ ಒಪ್ಪುವುದು ಪಂಜಿನ ಕವಾಯತು. ಬನ್ನಿಮಂಟಪ ಮೈದಾನದ ಕತ್ತಲಲ್ಲಿ ಪಂಜುಗಳು ಅಕ್ಷರಗಳಾಗುವುದನ್ನು ದೊಡ್ಡ ಪರದೆಯಲ್ಲೇ ನೋಡಬೇಕು. ಇಲ್ಲಿ ಮೈಸೂರಿನಲ್ಲಿ ಸಂಜೆ ಏಳಾದಾಗ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಎರಡೂವರೆ. ಹಬ್ಬ ವಾರಾಂತ್ಯಕ್ಕೆ ಬಂದರೆ ಜಂಬೂಸವಾರಿಯನ್ನು ಮನೆಯಲ್ಲಿ ನೋಡಿ, ಊಟ ಮುಗಿಸಿ, ಕವಾಯತಿನ ಹೊತ್ತಿಗೆ ಸಭಾಂಗಣ ಸೇರಿಕೊಳ್ಳಬಹುದು.