ಕಾರ್ಲಿಂಗ್‌ಫರ್ಡ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಮುಂಚೆ ಅವರ ವೀಸಾ ತೆಗೆದು ನೋಡಿ

ಐರ್ಲೆಂಡಿನಲ್ಲಿರುವ ಕನ್ನಡದವರು, ಅದರಲ್ಲೂ ಈ ಬೇಸಿಗೆಗೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಸರಿಯಾಗಿ ವಿಚಾರಿಸದೆ ಮಾಡಿದ ಒಂದು ಕೆಲಸದಿಂದ ನನ್ನ ಅಪ್ಪ ರಸ್ತೆ ಬದಿಯಲ್ಲಿ ನಿಂತು ಪೊಲೀಸರಿಗೆ ಉತ್ತರ ಕೊಡಬೇಕಾಯಿತು. ಮೂವತ್ತಾರು ವರ್ಷ ಚನ್ನರಾಯಪಟ್ಟಣದ ಕಡೆ ಮೇಷ್ಟ್ರಾಗಿದ್ದವರು ಅವರು.

ಅಪ್ಪ ಅಮ್ಮ ಎರಡು ವರ್ಷದಿಂದ ದುಬೈಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಐರ್ಲೆಂಡ್ ವೀಸಾಕ್ಕೆ ಅಲ್ಲಿಂದಲೇ ಅರ್ಜಿ ಹಾಕಿದ್ದರು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾನಿರುವುದು ಡಬ್ಲಿನ್‌ನಲ್ಲಿ. ಹೋದ ಜೂನ್‌ನಲ್ಲಿ ಒಂದು ವಾರಾಂತ್ಯ, ಸಮುದ್ರದ ಪಕ್ಕ ಹಳೇ ಊರೊಂದನ್ನು ತೋರಿಸೋಣ ಅಂತ ಕಾರ್ಲಿಂಗ್‌ಫರ್ಡ್‌ಗೆ ಕರೆದುಕೊಂಡು ಹೋದೆ. ಕಾರಿಲ್ಲ, ಹಾಗಾಗಿ ಡಂಡಾಕ್‌ವರೆಗೆ ರೈಲು, ಅಲ್ಲಿಂದ ಬಸ್.

ಊರು ತುಂಬಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಹಿಂದೆ ಸ್ಲೀವ್ ಫೋಯ್ ಬೆಟ್ಟ, ಮುಂದೆ ನೀರು, ನಡುವೆ ನಾಲ್ಕೈದು ಕಿರಿದಾದ ಬೀದಿ. ನೀರಿನಂಚಿನ ಬಂಡೆಯ ಮೇಲೆ ಹಳೇ ಕೋಟೆಯಿದೆ, 1210ರಲ್ಲಿ ಇಂಗ್ಲೆಂಡಿನ ರಾಜ ಜಾನ್ ಇಲ್ಲಿಗೆ ಬಂದಿದ್ದನಂತೆ, ಅವನ ಹೆಸರೇ ಅದಕ್ಕೆ ಉಳಿದುಬಿಟ್ಟಿದೆ. ಟಂಕಸಾಲೆ ಅಂತ ಕರೆಯುವ ಒಂದು ಹಳೇ ಕಲ್ಲಿನ ಮನೆ ಇದೆ. 1467ರಲ್ಲಿ ಈ ಊರಿಗೆ ನಾಣ್ಯ ಅಚ್ಚು ಹಾಕುವ ಅನುಮತಿ ಸಿಕ್ಕಿತ್ತು. ಅದರ ಕಿಟಕಿಗಳ ಸುತ್ತ ಬಳ್ಳಿ ಹೆಣೆದ ಹಾಗೆ ಕೆತ್ತನೆ. ಅಪ್ಪ ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ಅಲ್ಲೇ ನಿಂತರು. ಆ ಸೀಮೆಯ ಪುರಾಣದಲ್ಲಿ ಒಂದು ಕಂದು ಹೋರಿಗಾಗಿ ದೊಡ್ಡ ಯುದ್ಧವೇ ನಡೆಯುತ್ತದೆ. ಅದನ್ನು ಹೇಳಿದಾಗ, ಅಮೃತಮಹಲ್ ದನ ನೋಡಿಕೊಂಡು ಬೆಳೆದ ಅಪ್ಪನಿಗೆ ಬಹಳ ಖುಷಿಯಾಯಿತು.

ಶನಿವಾರ ರಾತ್ರಿ ಮಾತ್ರ ನಿದ್ದೆ ಇಲ್ಲ. ಮದುವೆಗೆ ಮುಂಚೆ ಗುಂಪು ಕಟ್ಟಿಕೊಂಡು ಪಾರ್ಟಿಗೆ ಬರುವವರಿಗೆ ಇದು ಹೆಸರಾದ ಊರು. ವಯಸ್ಸಾದವರ ಜೊತೆ ಹೋಗುವುದಾದರೆ ವಾರದ ಮಧ್ಯೆ ಹೋಗಿ.

ಈಗ ವಿಷಯಕ್ಕೆ ಬರುತ್ತೇನೆ. ಕೋಟೆ ಹತ್ತಿರ ನಿಂತರೆ ಎದುರು ದಡದಲ್ಲಿ ಮೋರ್ನ್ ಬೆಟ್ಟಗಳು ಕಾಣುತ್ತವೆ. ಕೂಗಿದರೆ ಕೇಳಿಸುವಷ್ಟು ಹತ್ತಿರ ಅನ್ನಿಸುತ್ತದೆ. ಆದರೆ ಆ ದಡ ಐರ್ಲೆಂಡ್ ಗಣರಾಜ್ಯ ಅಲ್ಲ, ಅದು ಉತ್ತರ ಐರ್ಲೆಂಡ್, ಅಂದರೆ ಯುಕೆ. 1921ರಲ್ಲಿ ಐರ್ಲೆಂಡ್ ಎರಡಾಗಿ ಒಡೆದಾಗ ಅದು ಯುಕೆಯಲ್ಲೇ ಉಳಿಯಿತು. 1998ರ ಶಾಂತಿ ಒಪ್ಪಂದ ಆದಮೇಲೆ ಗಡಿಯಲ್ಲಿದ್ದ ಮಿಲಿಟರಿ ಚೆಕ್‌ಪೋಸ್ಟ್‌ಗಳನ್ನು ತೆಗೆದುಬಿಟ್ಟರು. ಈಗ ಅಲ್ಲಿ ಗೇಟಿಲ್ಲ, ಬೇಲಿಯಿಲ್ಲ, ಕೇಳುವವರಿಲ್ಲ. ಆದರೆ ಗೇಟಿಲ್ಲ ಅಂದ ಮಾತ್ರಕ್ಕೆ ನಮ್ಮವರಿಗೆ ವೀಸಾ ಬೇಡ ಅಂತ ಅಲ್ಲ.

ಭಾನುವಾರ ಮಧ್ಯಾಹ್ನ ನಮಗೆ ಬೇಕಾದ ಹೊತ್ತಿಗೆ ಡಂಡಾಕ್ ಕಡೆ ಬಸ್ ಇರಲಿಲ್ಲ. ಟೀ ಅಂಗಡಿಯಲ್ಲಿ ಯಾರೋ, ನ್ಯೂರಿಗೆ ಟ್ಯಾಕ್ಸಿ ಮಾಡಿಕೊಂಡು ಹೋಗಿ, ಅಲ್ಲಿಂದ ಡಬ್ಲಿನ್‌ಗೆ ಬೇಕಾದಷ್ಟು ಬಸ್ ಇದೆ ಅಂದರು. ನ್ಯೂರಿ ಸುಮಾರು 20 ಕಿಲೋಮೀಟರ್, ಆದರೆ ಗಡಿಯಾಚೆ. ನನ್ನದು ಐರಿಷ್ ಪಾಸ್‌ಪೋರ್ಟ್. ಸಾಮಾನು ತರಲು ಎಷ್ಟೋ ಸಲ ನ್ಯೂರಿಗೆ ಹೋಗಿ ಬಂದಿದ್ದೇನೆ, ಗಡಿ ಅನ್ನೋದೇ ಮರೆತುಹೋಗಿತ್ತು. ಆದರೂ ಒಂದು ಅನುಮಾನ ಬಂದು ಸ್ನೇಹಿತನಿಗೆ ಫೋನ್ ಮಾಡಿದೆ. "ನಮ್ಮ ಅಪ್ಪ ಅಮ್ಮನೂ ಬೆಲ್‌ಫಾಸ್ಟ್‌ಗೆ ಹೋಗಿ ಬಂದ್ರು ಕಣೋ, ಏನೂ ಆಗಲಿಲ್ಲ" ಅಂದ. ಹೊರಟೇಬಿಟ್ಟೆವು.

ಓಮೀತ್ ದಾಟಿ ಸ್ವಲ್ಪ ದೂರ ಹೋದ ಮೇಲೆ ವೇಗದ ಬೋರ್ಡ್ ಕಿಲೋಮೀಟರ್‌ನಿಂದ ಮೈಲಿಗೆ ಬದಲಾಯಿತು. ಯುಕೆಗೆ ಸ್ವಾಗತ ಅಂತ ಅಪ್ಪನ ಫೋನಿಗೆ ಮೆಸೇಜ್ ಬಂತು. "ಇದೇನಪ್ಪಾ, ಬೇರೆ ದೇಶ ಅಂತಿದೆಯಲ್ಲ" ಅಂತ ಕೇಳಿದರು. ಏನೂ ಆಗಲ್ಲ ಬಿಡಿ ಅಪ್ಪ ಅಂದೆ. ಆ ಮಾತು ಈಗಲೂ ಚುಚ್ಚುತ್ತದೆ.

ನ್ಯೂರಿಯಿಂದ ಹತ್ತಿದ ಬಸ್ಸನ್ನು ಗಡಿ ದಾಟಿ ಸ್ವಲ್ಪ ಹೊತ್ತಿಗೆ ನಿಲ್ಲಿಸಿದರು. ಇಬ್ಬರು ಪೊಲೀಸರು ಹತ್ತಿ ಎಲ್ಲರ ಕಾಗದ ಕೇಳುತ್ತಾ ಬಂದರು. ಅಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಪಾಸ್‌ಪೋರ್ಟ್ ಬಿಚ್ಚಿ ಕೊಟ್ಟರು. ಆತ ವೀಸಾ ಪುಟಕ್ಕೆ ಬಂದು ನಿಂತ. ಸಿಂಗಲ್ ಎಂಟ್ರಿ, ಅಂದರೆ ಒಂದೇ ಒಂದು ಸಲ ಒಳಗೆ ಬರಲು ಕೊಟ್ಟದ್ದು. ಇವತ್ತು ಎಲ್ಲಿಂದ ಬರುತ್ತಿದ್ದೀರಿ ಅಂತ ಕೇಳಿದ, ನ್ಯೂರಿ ಅಂದೆ. ಹಾಗಿದ್ದರೆ ಇವರು ದೇಶ ಬಿಟ್ಟು ಹೋಗಿದ್ದಾರೆ, ಒಳಗೆ ಬರಲು ಇವರಿಗೆ ವೀಸಾ ಇಲ್ಲ ಅಂದ. ಅಷ್ಟೇ. ನಮ್ಮ ಮೂವರನ್ನೂ ಇಳಿಸಿದರು, ಬಸ್ ಹೊರಟುಹೋಯಿತು.

ಒಂದೂವರೆ ಗಂಟೆ ರಸ್ತೆ ಬದಿ. ಪೊಲೀಸರು ಗದರಿಸಲಿಲ್ಲ, ಅಮ್ಮನನ್ನು ವ್ಯಾನಿನಲ್ಲಿ ಕೂರಿಸಿದರು. ಅಪ್ಪ ಮಾತ್ರ ಕೂರಲಿಲ್ಲ. ಕೈ ಕಟ್ಟಿ ನಿಂತು, ಕೇಳಿದ್ದಕ್ಕೆಲ್ಲ "ಯೆಸ್ ಸರ್, ಯೆಸ್ ಸರ್" ಅನ್ನುತ್ತಿದ್ದರು. ಅವರ ಮುಂದೆ ಹಾಗೆ ನಿಂತ ಮಕ್ಕಳನ್ನು ನೋಡಿದ್ದೇನೆ, ಅವರು ಹಾಗೆ ನಿಂತಿದ್ದನ್ನು ಅವತ್ತೇ ನೋಡಿದ್ದು. ಐದು ದಿನಕ್ಕೆ ವಾಪಸ್ ಹೋಗುವ ಟಿಕೆಟ್ ತೋರಿಸಿದ ಮೇಲೆ, ಎಲ್ಲ ಬರೆದುಕೊಂಡು, ಪಾಸ್‌ಪೋರ್ಟಿನ ಫೋಟೋ ತೆಗೆದುಕೊಂಡು ಬಿಟ್ಟರು. ಎಲ್ಲರನ್ನೂ ಹೀಗೆ ಬಿಡುತ್ತಾರೆ ಅಂದುಕೊಳ್ಳಬೇಡಿ, ಒಳಗೆ ಬಿಡದೆ ವಾಪಸ್ ಕಳಿಸುವ ಅಧಿಕಾರವೂ ಇದೆ.

ಹಾಗಾದರೆ ಸ್ನೇಹಿತ ಹೇಳಿದ್ದು ಸುಳ್ಳಾ? ಅಲ್ಲ. ಭಾರತದಲ್ಲಿ ಅರ್ಜಿ ಹಾಕುವ ಭಾರತೀಯರಿಗೆ 2015ರಿಂದ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಇದೆ. ಅದರಲ್ಲಿ ಬಂದ ಐರಿಷ್ ವೀಸಾ ಚೀಟಿಯ ಮೇಲೆ ಬಿಐವಿಎಸ್ ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ಅದಿದ್ದರೆ ಮೊದಲು ಐರ್ಲೆಂಡಿಗೆ ಬಂದು, ಉಳಿಯಲು ಕೊಟ್ಟ ಅವಧಿಯೊಳಗೆ ಯುಕೆಗೂ ಹೋಗಿ ಬರಬಹುದು. ಅವನ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಅರ್ಜಿ ಹಾಕಿದವರು, ಅವರ ಚೀಟಿಯಲ್ಲಿ ಆ ನಾಲ್ಕು ಅಕ್ಷರ ಇತ್ತು. ದುಬೈಯಿಂದ ಹಾಕಿದ ನಮ್ಮವರದ್ದರಲ್ಲಿ ಇರಲಿಲ್ಲ. ಇದು ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಇಲ್ಲಿ ಕೆಲಸಕ್ಕಿರುವ ನಿಮಗೂ ಹೇಳುತ್ತೇನೆ, ಭಾರತದ ಪಾಸ್‌ಪೋರ್ಟ್ ಇದ್ದರೆ ಇಲ್ಲಿನ ರೆಸಿಡೆನ್ಸ್ ಕಾರ್ಡ್ ತೋರಿಸಿ ಉತ್ತರಕ್ಕೆ ಹೋಗುವ ಹಾಗಿಲ್ಲ, ಯುಕೆ ವೀಸಾ ಬೇಕು.

ಹತ್ತಿರದ ಗ್ರೀನೋರ್‌ನಿಂದ ಆಚೆ ದಡಕ್ಕೆ ಕಾರು ಹಾಕಿಕೊಂಡು ಹೋಗುವ ಫೆರಿ ಇದೆ, ನೋಡಿದರೆ ಸುಮ್ನೆ ಒಂದು ದೋಣಿ ವಿಹಾರ ಅನ್ನಿಸುತ್ತದೆ. ಅದೂ ಗಡಿ ದಾಟಿದ ಹಾಗೆಯೇ. ಡಂಡಾಕ್ ಕಡೆಯಿಂದಲೇ ಹೋಗಿ, ಡಂಡಾಕ್ ಕಡೆಯಿಂದಲೇ ವಾಪಸ್ ಬನ್ನಿ. ಬಸ್ ತಪ್ಪಿದರೆ ಟ್ಯಾಕ್ಸಿಗೆ ಎಷ್ಟಾದರೂ ಕೊಡಿ, ಆದರೆ ಡಂಡಾಕ್‌ಗೇ ಹೋಗಿ. ದಾರಿಯಲ್ಲಿ ರಸ್ತೆಯಂಚಿನ ಹಳದಿ ಗೆರೆ ಬಿಳಿಯಾದರೆ, ಹಸಿರು ಅಂಚೆ ಡಬ್ಬ ಕೆಂಪಾದರೆ, ನೀವಾಗಲೇ ಆಚೆ ಇದ್ದೀರಿ.

ಅಕ್ಕ ಲೆಸ್ಟರ್‌ನಲ್ಲಿದ್ದಾಳೆ. ಮುಂದಿನ ವರ್ಷ ಅಪ್ಪ ಅಮ್ಮ ಅವಳ ಮನೆಗೆ ಹೋಗಬೇಕು ಅಂತಿತ್ತು. ಯುಕೆ ವೀಸಾ ಅರ್ಜಿಯಲ್ಲಿ, ಹಿಂದೆ ಯಾವಾಗಲಾದರೂ ಅನುಮತಿ ಇಲ್ಲದೆ ಒಳಗೆ ಬಂದಿದ್ದೀರಾ ಅಂತ ಕೇಳುತ್ತಾರೆ. ಇಲ್ಲ ಅಂತ ಬರೆಯಲು ಅಪ್ಪ ಒಪ್ಪುವುದಿಲ್ಲ, ಬರೆಯಲೂಬಾರದು. ಆ ಭಾನುವಾರ ನಡೆದದ್ದನ್ನೆಲ್ಲ ಎರಡು ಪುಟ ತಾವೇ ಕೈಯಲ್ಲಿ ಬರೆದಿಟ್ಟಿದ್ದಾರೆ, ನಾನು ಇಂಗ್ಲಿಷಿಗೆ ಮಾಡುತ್ತಿದ್ದೇನೆ.