ಕಾರ್ ಶೆಡ್ ನೆಲಕ್ಕೆ ‘ಚದರಡಿಗೆ ಇಷ್ಟು’ ಅಂದರೆ ಹೂಂ ಅನ್ನಬೇಡಿ

ರಾಯಚೂರಿನ ಹೊರವಲಯದ ಒಂದು ಹೊಸ ಮನೆ. ಕಾರ್ ಶೆಡ್ 20 ಅಡಿ ಉದ್ದ, 12 ಅಡಿ ಅಗಲ. ಗುತ್ತಿಗೆದಾರ ಚದರಡಿಗೆ 70 ರೂಪಾಯಿಯಂತೆ 16,800ಕ್ಕೆ ಕೆಲಸ ಹಿಡಿದ. ಚೀಟಿಯಲ್ಲಿದ್ದದ್ದು ‘4 ಇಂಚು ಕಾಂಕ್ರೀಟ್’ ಎಂಬ ಎರಡೇ ಮಾತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೇಟಿನ ಬಳಿ ಗಾಲಿ ಹತ್ತುವ ಜಾಗ ಒಡೆದು ಎದ್ದಿತು. ಎದ್ದ ತುಂಡಿಗೆ ಟೇಪು ಹಿಡಿದರೆ ಒಂದೂವರೆ ಇಂಚು. ಹಿಂದಿನ ಗೋಡೆಯ ಬದಿ ಅಗೆದು ನೋಡಿದರೆ ಸರಿಯಾಗಿ 4 ಇಂಚು!

ಆದದ್ದಿಷ್ಟೇ. ನೀರು ಹೊರಗೆ ಹರಿಯಲು ಅಡಿಗೆ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಇಳಿಜಾರು ಬೇಕು. 20 ಅಡಿಗೆ 20 ನೂಲು, ಅಂದರೆ ಎರಡೂವರೆ ಇಂಚು. ಈ ಇಳಿಜಾರನ್ನು ಕೆಳಗಿನ ಗರಸಿನಲ್ಲೇ (ಕಾಂಕ್ರೀಟಿನ ಕೆಳಗೆ ಹಾಸುವ ಕಲ್ಲುಮಿಶ್ರಿತ ಮಣ್ಣು) ಕೊಡಬೇಕಿತ್ತು. ಗರಸು ಸಪಾಟಾಗಿ ಬಿಟ್ಟು ಕಾಂಕ್ರೀಟಿನಲ್ಲಿ ಇಳಿಸಿದ್ದರಿಂದ ಭಾರ ಬೀಳುವ ಕಡೆಯೇ ನೆಲ ತೆಳುವಾಯಿತು. ಸಪಾಟು ಗರಸಿನ ಮೇಲೆ ಗೇಟಿನ ಬಳಿ 4 ಇಂಚು ಉಳಿಸಿಕೊಳ್ಳಲು ಹೋದರೆ ಹಿಂದೆ ಆರೂವರೆ ಇಂಚಾಗುತ್ತದೆ, 80 ಘನ ಅಡಿಯ ಕೆಲಸ 105 ಘನ ಅಡಿಗೆ ಏರುತ್ತದೆ. ಆರು ಚೀಲ ಸಿಮೆಂಟು ಸುಮ್ಮನೆ ಹೋಯಿತು.

ಹಾಗಾಗಿ ಲೆಕ್ಕ ಘನ ಅಡಿಯಲ್ಲೇ ಆಗಲಿ. 240 ಚದರಡಿಗೆ 4 ಇಂಚು ದಪ್ಪವೆಂದರೆ 80 ಘನ ಅಡಿ. ಎಂ20, ಅಂದರೆ ಸಿಮೆಂಟು, ಉಸುಕು, ಖಡಿ 1:1.5:3ರ ಮಿಶ್ರಣಕ್ಕೆ 18 ಚೀಲ ಸಿಮೆಂಟು, 34 ಘನ ಅಡಿ ಉಸುಕು, 20 ಎಂಎಂ ಖಡಿ 68 ಘನ ಅಡಿ. ಚೀಲಕ್ಕೆ 25 ಲೀಟರಿಗಿಂತ ಹೆಚ್ಚು ನೀರು ಸುರಿಯಲು ಬಿಡಬೇಡಿ. ಸಂಜೆ ಖಾಲಿ ಚೀಲ ಎಣಿಸಿ: 13ರಲ್ಲೇ ಮುಗಿದಿದ್ದರೆ ಸರಾಸರಿ ದಪ್ಪ ಮೂರು ಇಂಚೂ ಇಲ್ಲ, ಇಲ್ಲವೇ ಮಿಶ್ರಣ ಬಡವಾಗಿದೆ. ದೊಡ್ಡ ಗಾಡಿ ನಿಲ್ಲುವುದಿದ್ದರೆ 5 ಇಂಚು ಹಾಕಿಸಿ, 23 ಚೀಲ.

ನಿಜವಾದ ಖರ್ಚು ಅಡಗಿರುವುದು ನೆಲದ ಕೆಳಗೆ. ಕೊಪ್ಪಳ, ಬಳ್ಳಾರಿ ಕಡೆಯ ಗಟ್ಟಿ ಮಸಾರಿ (ಕೆಂಪು ಮಣ್ಣಿನ) ನೆಲವಾದರೆ 6 ಇಂಚು ಗರಸು ಸಾಕು. ಈ ಮನೆಯದರಂತೆ ಎರೆ (ಕಪ್ಪು) ಮಣ್ಣಾದರೆ ಹಾಗಲ್ಲ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲಿನ ಕಾಂಕ್ರೀಟು ಎಷ್ಟೇ ಗಟ್ಟಿಯಿದ್ದರೂ ಅದರ ಜೊತೆ ಕುಣಿಯಲೇಬೇಕು. ಕನಿಷ್ಠ ಒಂದೂವರೆ ಅಡಿ ಎರೆ ತೆಗೆದು ಗರಸು ತುಂಬಿಸಿ. ದಮ್ಮಸು ಮಾಡಿದ (ಬಡಿದು ಗಟ್ಟಿ ಮಾಡಿದ) ಮೇಲೆ 360 ಘನ ಅಡಿ ನಿಲ್ಲಬೇಕಾದರೆ ಸಡಿಲ ಗರಸು ಸುಮಾರು 470 ಘನ ಅಡಿ, ಹತ್ತಿರಹತ್ತಿರ 4.7 ಬ್ರಾಸ್ (ಒಂದು ಬ್ರಾಸ್ ಅಂದರೆ 100 ಘನ ಅಡಿ) ಬೇಕು. ‘ಇಷ್ಟು ಟ್ರಾಲಿ’ ಎಂಬ ಲೆಕ್ಕ ಒಪ್ಪಬೇಡಿ. ಟ್ರಾಲಿಯ ಒಳ ಅಳತೆ ತೆಗೆದುಕೊಳ್ಳಿ. ಆರಾರು ಇಂಚಿನ ಪದರ, ಪ್ರತಿ ಪದರಕ್ಕೂ ನೀರು, ಪ್ಲೇಟ್ ಕಾಂಪ್ಯಾಕ್ಟರ್. ಒಮ್ಮೆಲೇ ತುಂಬಿ ಮೇಲೆ ನೀರು ಬಿಟ್ಟರೆ ತಳ ಸಡಿಲವಾಗಿಯೇ ಉಳಿಯುತ್ತದೆ. ಅಗೆತ, ಮಣ್ಣು ಸಾಗಣೆ, ಗರಸು ಮೂರೂ ಆ 70 ರೂಪಾಯಿಯಲ್ಲಿ ಇರಲಿಲ್ಲ.

ಕಂಬಿಯೂ ಇರಲಿಲ್ಲ. 8 ಎಂಎಂ ಕಂಬಿ ಎರಡೂ ಕಡೆ 8 ಇಂಚಿಗೊಂದರಂತೆ ಕಟ್ಟಿದರೆ ವೇಸ್ಟೇಜ್ ಸೇರಿ 95 ಕೆಜಿ ಆಸುಪಾಸು. 2 ಇಂಚಿನ ಕವರ್ ಬ್ಲಾಕ್ ಮೇಲೆ ಕೂರಿಸಿ. ಗರಸಿನ ಮೇಲೆ ಮಲಗಿದ ಕಂಬಿ ದುಡ್ಡು ದಂಡ. ನಡುವೆ, 10 ಅಡಿಗೆ, ಮರುದಿನದೊಳಗೆ ಒಂದಿಂಚು ಆಳದ ಗೀರು ಕೊಯ್ಯಿಸಿ. ಬಿರುಕು ಬರುವುದಾದರೆ ಅಲ್ಲೇ ಬರಲಿ.

ಫಿನಿಶಿಂಗ್ ಹೊತ್ತಿಗೆ ಮೇಲೆ ತೇಲಿದ ನೀರಿಗೆ ಒಣ ಸಿಮೆಂಟು ಚೆಲ್ಲಿ ಉಜ್ಜುವ ಚಾಳಿ ಎಲ್ಲ ಕಡೆ ಇದೆ. ನೋಡಲು ನುಣುಪು, ಆರು ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ. ನೀರು ತಾನಾಗಿ ಆರುವವರೆಗೆ ಕಾಯಿಸಿ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಹಾಕಲೇಬೇಕಾದರೆ ಬೆಳಗಿನ ಜಾವ ಶುರು ಮಾಡಿ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ ಹತ್ತು ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಆ ನೀರಿಗೆ ಟ್ಯಾಂಕರ್ ತರಿಸಬೇಕಾದರೆ ಅದನ್ನೂ ಎಸ್ಟಿಮೇಟಿಗೆ ಸೇರಿಸಿ.

ಇನ್ನು ಒಡೆದ ಆ ನೆಲ. ಮೇಲೆ ತೇಪೆ ಹಚ್ಚಿದರೆ ಹಿಡಿಯುವುದಿಲ್ಲ. ಗೇಟಿನ ಕಡೆಯ 5 ಅಡಿಯನ್ನು 12 ಅಡಿ ಅಗಲಕ್ಕೂ ಕತ್ತರಿಸಿ, ಎರೆ ತೆಗೆದು ಗರಸು ತುಂಬಿ, 5 ಇಂಚು ಹೊಸದಾಗಿ ಹಾಕಬೇಕು: 25 ಘನ ಅಡಿ, 6 ಚೀಲ ಸಿಮೆಂಟು. ಒಡೆದ ತುಂಡು ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆ ಬೇರೆ.